ಇಲಿಗೆ ಬಾರದ ಇಲಿ ಜ್ವರ

ಹೋದ ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ಗದ್ದೆಗೆ ನಾಟಿಗೆ ಬಂದಿದ್ದ ಒಬ್ಬರು ಹತ್ತು ದಿನ ಕಳೆದ ಮೇಲೆ ಜ್ವರ ಹಿಡಿದು ಮಲಗಿದರು. ಮೊದಲು ತೋರಿಸಿದ ಕಡೆ ಮಳೆಗಾಲದ ಜ್ವರ ಅಂತ ಮಾತ್ರೆ ಕೊಟ್ಟು ಕಳಿಸಿದರು. ಮೂರು ದಿನವಾದರೂ ಇಳಿಯಲಿಲ್ಲ. ಕಣ್ಣು ಕೆಂಪಾಯಿತು, ಮೀನಖಂಡ ಮುಟ್ಟಿದರೆ ಕೂಗುತ್ತಿದ್ದರು. ಎರಡನೇ ಡಾಕ್ಟರು ಮೊದಲು ಕೇಳಿದ್ದೇ "ಗದ್ದೆಗೆ ಇಳಿದಿದ್ರಾ?" ಅಂತ. ಇಲಿ ಜ್ವರ. ಸದ್ಯ, ಕಾಮಾಲೆ ತಿರುಗುವ ಮೊದಲೇ ಗೊತ್ತಾಯಿತು, ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್‌ನಲ್ಲೇ ವಾಸಿಯಾಯಿತು.

"ಇಲಿ ಪಾಷಾಣ ಇಟ್ರೆ ಮುಗೀತಲ್ವಾ" ಅಂದರು ಪಕ್ಕದ ತೋಟದವರು. ನಾನೂ ಹಾಗೇ ಅಂದುಕೊಂಡಿದ್ದೆ, ಓದಲು ಕೂರುವ ತನಕ.

ಇದನ್ನು ತರುವುದು ಲೆಪ್ಟೊಸ್ಪೈರಾ ಅನ್ನುವ ಬ್ಯಾಕ್ಟೀರಿಯಾ. ಸುರುಳಿ ಸುತ್ತಿದ ದಾರದ ಹಾಗಿದ್ದು, ತುದಿ ಕೊಕ್ಕೆಯಂತೆ ಬಾಗಿರುತ್ತದೆ. 1907ರಲ್ಲಿ ಅಮೆರಿಕದ ಸ್ಟಿಮ್ಸನ್ ಅದನ್ನು ಸತ್ತ ರೋಗಿಯೊಬ್ಬನ ಮೂತ್ರಪಿಂಡದಲ್ಲಿ ಕಂಡು, ಪ್ರಶ್ನೆ ಚಿಹ್ನೆಯ ಹಾಗಿದೆ ಅಂತ ಇಂಟರೊಗ್ಯಾನ್ಸ್ ಎಂದು ಹೆಸರಿಟ್ಟ. ಇಲಿಯೊಳಗೆ ಇದು ಮೂತ್ರಪಿಂಡದ ಸಣ್ಣ ಕೊಳವೆಗಳಲ್ಲಿ ಪದರ ಕಟ್ಟಿಕೊಂಡು ತಿಂಗಳುಗಟ್ಟಲೆ ಕೂತಿರುತ್ತದೆ, ಇಲಿ ಉಚ್ಚೆ ಹೊಯ್ದಾಗೆಲ್ಲ ಹೊರಗೆ ಬರುತ್ತದೆ, ಆದರೆ ಇಲಿಗೆ ಜ್ವರವೂ ಇಲ್ಲ ಸುಸ್ತೂ ಇಲ್ಲ, ನಮ್ಮ ಭತ್ತ ತಿಂದು ಮರಿ ಹಾಕಿಕೊಂಡು ಆರಾಮವಾಗಿದೆ. ಇಬ್ಬರೂ ಒಬ್ಬರಿಗೊಬ್ಬರು ಹೊಂದಿಕೊಂಡುಬಿಟ್ಟಿದ್ದಾರೆ. ನಾವು ಈ ಲೆಕ್ಕದಲ್ಲೇ ಇಲ್ಲ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದು ತೀರಾ ಅಪರೂಪ, ಅಂದರೆ ನಮ್ಮ ಮೈ ಸೇರಿದ ಬ್ಯಾಕ್ಟೀರಿಯಾಕ್ಕೆ ಮುಂದೆ ದಾರಿಯೇ ಇಲ್ಲ.

ಇದರಲ್ಲಿ 250ಕ್ಕೂ ಹೆಚ್ಚು ಬಗೆಗಳಿವೆ, ಒಂದೊಂದಕ್ಕೂ ಬೇರೆ ಬೇರೆ ಮನೆ. ಹಂದಿಗೆ ಪೊಮೋನಾ. ನಾಯಿಗೆ ಕ್ಯಾನಿಕೋಲಾ. ಆದರೆ ಅದೇ ನಾಯಿಗೆ ಇಲಿಯ ಬಗೆ ಹತ್ತಿದರೆ ಕಾಮಾಲೆಯಾಗಿ ಸತ್ತೇ ಹೋಗಬಹುದು. ನಮ್ಮ ಟಾಮಿಗೆ ವರ್ಷವರ್ಷ ಹಾಕಿಸುವ ಲಸಿಕೆಯಲ್ಲಿ ಇದೂ ಸೇರಿದೆ ಅಂತ ನನಗೆ ಗೊತ್ತೇ ಇರಲಿಲ್ಲ, ಸುಮ್ನೆ ದುಡ್ಡು ಕೊಟ್ಟು ಬರುತ್ತಿದ್ದೆ.

ನನಗೆ ಜಾಸ್ತಿ ಹಿಡಿಸಿದ್ದು ದನದ ಕತೆ. ಹಾರ್ಡ್ಜೊ ಅನ್ನುವ ಬಗೆ ದನದಲ್ಲೇ ನೆಲೆ ನಿಂತಿದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಕೆಲವೊಮ್ಮೆ ಹಾಲು ಇಳಿಯುತ್ತದೆ, ಹಸು ಕಂದು ಹಾಕುತ್ತದೆ. ಇಲಿಯ ಬಗೆ ಸೇರಿರುವ ಇಂಟರೊಗ್ಯಾನ್ಸ್ ಜಾತಿಯ ಜೀನೋಮಿನಲ್ಲಿ, ಅಂದರೆ ಅದರ ಪೂರ್ತಿ ಡಿಎನ್‌ಎಯಲ್ಲಿ, ಸುಮಾರು 46 ಲಕ್ಷ ಅಕ್ಷರಗಳಿದ್ದರೆ, ಹಾರ್ಡ್ಜೊದ ಒಂದು ಬಳಗವಿರುವ ಬೋರ್ಗ್‌ಪೀಟರ್ಸೆನಿ ಜಾತಿಯಲ್ಲಿ ಇರುವುದು ಸುಮಾರು 39 ಲಕ್ಷ. ಉಳಿದದ್ದು ಕಳೆದುಹೋಗಿದೆ. ಕಳೆದುಹೋದದ್ದರಲ್ಲಿ ಹೊರಗಿನ ವಾತಾವರಣಕ್ಕೆ ತಕ್ಕಂತೆ ಬದಲಾಗಲು ಬೇಕಾದ ಜೀನ್‌ಗಳೂ ಇವೆ. ಕೊಟ್ಟಿಗೆಯಲ್ಲಿ ದನಗಳು ಒತ್ತೊತ್ತಾಗಿ ನಿಂತಿರುತ್ತವೆ, ಒಂದರ ಉಚ್ಚೆ ಇನ್ನೊಂದಕ್ಕೆ ಸಿಡಿಯುತ್ತದೆ, ಹೀಗಿರುವಾಗ ನೀರಿನಲ್ಲಿ ಬದುಕುವ ವಿದ್ಯೆ ಯಾಕೆ ಬೇಕು ಹೇಳಿ? ಇಲಿಯ ಬಗೆ ಮಾತ್ರ ಅದನ್ನು ಬಿಟ್ಟಿಲ್ಲ, ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಕಾಯುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ಎರಡು ಜಾಗಕ್ಕೆ ಎರಡು ಎಚ್ಚರ. ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಕಣ್ಣಿಗೆ ಬಾಯಿಗೆ ಉಚ್ಚೆ ಸಿಡಿಯದ ಹಾಗೆ ನೋಡಿಕೊಳ್ಳಬೇಕು. ಗದ್ದೆಯಲ್ಲಿ ಕಾಲಿನ ಗಾಯ, ಜಿಗಣೆ ಕಚ್ಚಿದ ಜಾಗ ಮುಚ್ಚಬೇಕು. ಪಾಷಾಣವೊಂದರಿಂದ ಆಗುವ ಕೆಲಸ ಅಲ್ಲ, ಕಾಡಂಚಿನಲ್ಲಿ ಹೆಗ್ಗಣ, ಕಾಡುಹಂದಿ ಎಲ್ಲವೂ ಇವೆ.

ಈ ಸಲ ನಾಟಿಗೆ ಎಲ್ಲರಿಗೂ ಗಂಬೂಟು ತಂದುಕೊಟ್ಟೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಒಬ್ಬರ ಬೂಟು ಕೆಸರಲ್ಲೇ ಉಳಿಯಿತು, ಕಾಲು ಮಾತ್ರ ಮೇಲೆ ಬಂತು. ಎಲ್ಲರೂ ನಕ್ಕು ಬೂಟು ಬಿಚ್ಚಿ ಬದುವಿನ ಮೇಲೆ ಸಾಲಾಗಿ ಇಟ್ಟರು. ಕೆಸರಲ್ಲಿ ಕಚ್ಚಿಕೊಳ್ಳದ ಬೂಟು ಎಲ್ಲಾದರೂ ಸಿಗುತ್ತಾ? ಗೊತ್ತಿದ್ದವರು ಹೇಳಿ.