ಪೇಟಿ ಮಾಸ್ತರರಿಗೆ ವಿಕಿಪೀಡಿಯದಲ್ಲಿ ಒಂದು ಪುಟ

ಗದಗಿನ ಕಡೆಯ ತರುಣರೊಬ್ಬರು ಕಳೆದ ತಿಂಗಳು ತಮ್ಮ ಅಜ್ಜನ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಲೇಖನ ಬರೆಯಬಹುದೇ ಎಂದು ಕೇಳಿ, ಜೊತೆಗೆ ಒಂದು ದಪ್ಪ ಕಡತವನ್ನೂ ಕಳುಹಿಸಿದರು. ಅಜ್ಜ ವೃತ್ತಿನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ, ಅಂದರೆ ಪೇಟಿ, ನುಡಿಸುತ್ತಿದ್ದವರು. ಕಂಪನಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಊರಿಗೆ ಮರಳಿ, ಭಜನಾ ಮಂಡಳಿಗಳಿಗೂ ಸಂಗೀತ ಕಲಿಯುವ ಮಕ್ಕಳಿಗೂ ಪಕ್ಕವಾದ್ಯದ ಸಾಥ್ ನೀಡುತ್ತ ಉಳಿದ ಆಯುಷ್ಯ ಕಳೆದರು. ಊರಿನಲ್ಲಿ ಅವರ ಹೆಸರಿಗಿಂತ ‘ಪೇಟಿ ಮಾಸ್ತರ’ ಎಂಬ ಕರೆಯೇ ಬಳಕೆಯಲ್ಲಿತ್ತಂತೆ. ಬಿಡುವಿನ ವೇಳೆಯಲ್ಲಿ ವಿಕಿಪೀಡಿಯದ ಲೇಖನಗಳನ್ನು ತಿದ್ದುವ ನನಗೆ ಇಂತಹ ಕೋರಿಕೆಗಳು ಹೊಸತಲ್ಲವಾದರೂ, ಇದಕ್ಕೆ ಉತ್ತರ ಬರೆಯಲು ಮೂರು ವಾರ ಹಿಡಿಯಿತು.

ಮಾಸ್ತರರು ಎಷ್ಟು ಸೊಗಸಾಗಿ ನುಡಿಸುತ್ತಿದ್ದರು ಎಂಬುದನ್ನು ಅಳೆಯುವ ಅಧಿಕಾರ ವಿಕಿಪೀಡಿಯದ ಸಂಪಾದಕನಿಗಿಲ್ಲ. ಅವನು ನೋಡಬೇಕಾದದ್ದು ಇಷ್ಟೇ: ಅವರೊಡನೆ ಯಾವ ನಂಟೂ ಇಲ್ಲದವರು, ನಂಬಬಹುದಾದ ಪ್ರಕಟಣೆಗಳಲ್ಲಿ, ಒಂದೆರಡು ಸಾಲಿಗೆ ನಿಲ್ಲಿಸದೆ ಅವರ ಬಗ್ಗೆ ಬರೆದಿದ್ದಾರೆಯೇ? ವಿಕಿಪೀಡಿಯದವರು ಇದನ್ನು ಗಮನಾರ್ಹತೆ ಎನ್ನುತ್ತಾರೆ. ಈ ಪದ ನನಗೆ ಎಂದೂ ಹಿಡಿಸಿಲ್ಲ. ಲೇಖನ ಬೇಡವೆಂದರೆ ನಿಮ್ಮ ಅಜ್ಜ ಗಮನಕ್ಕೆ ಅರ್ಹರಲ್ಲ ಎಂದು ಹೇಳಿದಂತೆ ಕೇಳಿಸುತ್ತದೆ.

ಕಡತದಲ್ಲಿ ಎಲ್ಲಕ್ಕಿಂತ ದೊಡ್ಡದು ಶಿಷ್ಯರು ಸೇರಿ ಹೊರತಂದ ಅಭಿನಂದನ ಗ್ರಂಥ. ಇನ್ನೂರು ಪುಟಗಳ ಆ ಪುಸ್ತಕದಲ್ಲಿ ಮಾಸ್ತರರ ಬಾಲ್ಯ, ಗುರುಗಳು, ಕಂಪನಿಯ ಬಿಡಾರಗಳು, ರಾತ್ರಿಯಿಡೀ ನಡೆಯುತ್ತಿದ್ದ ಆಟಗಳು ಎಲ್ಲವೂ ಇವೆ. ಲೇಖನಕ್ಕೆ ಬೇಕಾದ ವಿವರಗಳಲ್ಲಿ ಮುಕ್ಕಾಲು ಪಾಲು ಅಲ್ಲಿಯೇ ಸಿಗುತ್ತದೆ. ಆದರೆ ಅಭಿನಂದಿಸಲೆಂದೇ ಕುಳಿತವರು ಬರೆದ ಪುಸ್ತಕವನ್ನು ಸ್ವತಂತ್ರ ಆಕರವೆಂದು ಒಪ್ಪುವುದು ಹೇಗೆ? ಹುಟ್ಟಿದ ಊರು, ಸೇರಿದ ಕಂಪನಿ ಮುಂತಾದ ವಿವಾದವಿಲ್ಲದ ಸಂಗತಿಗಳಿಗೆ ಅದನ್ನು ಬಳಸಬಹುದು, ಅವರಿಗೆ ಪುಟ ಇರಬೇಕೆಂಬುದಕ್ಕೆ ಮಾತ್ರ ಅದು ಸಾಕ್ಷಿಯಾಗಲಾರದು. ನಮ್ಮ ಸಂಗೀತಲೋಕದಲ್ಲಿ ಕಲಾವಿದರ ಚರಿತ್ರೆಯ ಬಹುಪಾಲು ಇಂತಹ ಗ್ರಂಥಗಳಲ್ಲಿಯೂ ಸಂಸ್ಮರಣ ಸಂಚಿಕೆಗಳಲ್ಲಿಯೂ ಅಡಗಿ ಕುಳಿತಿರುವುದು ಈ ಕೆಲಸದ ದೊಡ್ಡ ತೊಡಕು.

ಉಳಿದವುಗಳಲ್ಲಿ ಹೆಚ್ಚಿನವು ಬೇಗ ಬದಿಗೆ ಸರಿದವು. ಶಾಲು ಹೊದಿಸಿದ ಫೋಟೊಗಳು ಯಾವುದನ್ನೂ ಸಿದ್ಧಪಡಿಸುವುದಿಲ್ಲ. ಹೆಸರೇ ಕೇಳದ ಸಂಸ್ಥೆಯೊಂದರ ‘ರಾಷ್ಟ್ರಮಟ್ಟದ’ ಪ್ರಶಸ್ತಿಪತ್ರವನ್ನು ನಾನು ಎರಡನೆಯ ಸಲ ನೋಡಲಿಲ್ಲ; ಹಣ ಕಟ್ಟಿದವರಿಗೆ ಗೌರವ ಡಾಕ್ಟರೇಟ್ ಕೂಡ ಸಿಗುವ ಕಾಲವಿದು. ಪತ್ರಿಕೆಯ ಮೂರು ತುಣುಕುಗಳಲ್ಲಿ ಎರಡು ‘ಇಂದಿನ ಕಾರ್ಯಕ್ರಮ’ದ ಸಾಲುಗಳು, ಅವುಗಳಲ್ಲಿ ಮಾಸ್ತರರು ಗಾಯಕರ ಹೆಸರಿನ ಕೆಳಗೆ ತಬಲಾದವರ ಜೊತೆ ಬರುತ್ತಾರೆ. ಮೂರನೆಯದು ಎಂಬತ್ತರ ದಶಕದ, ನಾಲ್ಕು ಕಾಲಮಿನ ಪರಿಚಯ ಲೇಖನ. ಬರೆದವರು ವರದಿಗಾರರೇ ಹೊರತು ಶಿಷ್ಯರಲ್ಲ, ಒಂದೆಡೆ ಮಾಸ್ತರರ ಮುಂಗೋಪವನ್ನೂ ಪ್ರಸ್ತಾಪಿಸಿದ್ದಾರೆ. ಆ ಮುಂಗೋಪದ ಸಾಲನ್ನು ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು, ಏಕೆಂದರೆ ಇಡೀ ಕಡತದಲ್ಲಿ ಹೊರಗಿನವರ ಕಣ್ಣು ಕಾಣಿಸಿದ್ದು ಅಲ್ಲಿ ಮಾತ್ರ.

ಒಂದು ಆಕರ ಗಟ್ಟಿಯಾಯಿತು, ಆದರೆ ಒಂದೇ ಸಾಲದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಂಗೀತಗಾರರಿಗೆಂದೇ ಬೇರೆ ಮಾನದಂಡಗಳಿವೆ: ದೇಶಮಟ್ಟದ ಜನಪ್ರಿಯತೆಯ ಪಟ್ಟಿಯಲ್ಲಿ ಹಾಡು ಕಾಣಿಸಿಕೊಂಡಿರುವುದು, ಪ್ರಮುಖ ಧ್ವನಿಮುದ್ರಣ ಕಂಪನಿಯಿಂದ ಕನಿಷ್ಠ ಎರಡು ಆಲ್ಬಂಗಳು ಬಂದಿರುವುದು, ದೊಡ್ಡ ಪ್ರಶಸ್ತಿ ದೊರೆತಿರುವುದು, ರಾಷ್ಟ್ರೀಯ ರೇಡಿಯೊ ಜಾಲದಲ್ಲಿ ಅವರ ಬಗ್ಗೆಯೇ ಗಣನೀಯ ಕಾರ್ಯಕ್ರಮ ಬಿತ್ತರವಾಗಿರುವುದು ಇತ್ಯಾದಿ. ಧ್ವನಿಮುದ್ರಿಕೆ ಮಾರಿ ಬದುಕುವ ಸಂಗೀತವನ್ನು ಕಣ್ಣಮುಂದಿಟ್ಟುಕೊಂಡು ಹೆಣೆದ ಈ ಪಟ್ಟಿಯಲ್ಲಿ ಶಾಸ್ತ್ರೀಯ ಸಂಗೀತದವರಿಗೆ ಒಂದಿಷ್ಟು ಜಾಗವುಂಟು, ಕಂಪನಿ ನಾಟಕದ ಪಕ್ಕವಾದ್ಯದವರಿಗೆ ಇಲ್ಲವೆಂದೇ ಹೇಳಬೇಕು. ನಮ್ಮಲ್ಲಿ ಕಲಾವಿದರನ್ನು ತೂಗಲು ಬಹುಕಾಲ ಬಳಕೆಯಲ್ಲಿದ್ದ ತಕ್ಕಡಿ ಆಕಾಶವಾಣಿಯ ಶ್ರೇಣಿ. ಬಿ, ಬಿ ಹೈ, ಎ, ಎ ಟಾಪ್ ಎಂಬ ಈ ಮೆಟ್ಟಿಲುಗಳನ್ನು ಕಲಾವಿದರ ನೆಂಟರಲ್ಲದವರು ಕುಳಿತು ಕೇಳಿ ಕೊಡುತ್ತಿದ್ದರು.

ಮಾಸ್ತರರಿಗೆ ಶ್ರೇಣಿಯಿರಲಿಲ್ಲ. ಬಹುಕಾಲ ಅದು ಸಾಧ್ಯವೂ ಇರಲಿಲ್ಲ. ಹಾರ್ಮೋನಿಯಂ ಪರದೇಶದಿಂದ ಬಂದ ವಾದ್ಯ, ಅದರ ಸ್ವರಗಳು ಮೊದಲೇ ಕೂಡಿಸಿಟ್ಟವು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್, ಸ್ವರವನ್ನು ತೂಗಿಸುವ ಗಮಕಗಳಿಗೆ ಅದು ಒಗ್ಗುವುದಿಲ್ಲ ಎಂಬ ವಾದಗಳನ್ನು ಮುಂದೊಡ್ಡಿ ಆಕಾಶವಾಣಿ 1940ರಲ್ಲಿ ಆ ವಾದ್ಯವನ್ನೇ ನಿಷೇಧಿಸಿತು. ನಿಷೇಧ ಸಡಿಲವಾದದ್ದು 1971ರಲ್ಲಿ, ಅದೂ ಮೊದಮೊದಲು ಪಕ್ಕವಾದ್ಯವಾಗಿ ಮಾತ್ರ. ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರಲ್ಲಿ. ಅಂದರೆ ಮನೆಯ ಹತ್ತಿರವೇ ಕೇಂದ್ರ ಬಂದರೂ, ಮಾಸ್ತರರ ಕೈ ಪಳಗಿದ್ದ ಇಪ್ಪತ್ತು ವರ್ಷ ಅವರ ಪೇಟಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆ ಕಾಲದಲ್ಲಿ ನಾಟಕಕ್ಕೆ ಪೇಟಿಯಿಲ್ಲದೆ ಪರದೆಯೇ ಏಳುತ್ತಿರಲಿಲ್ಲ ಎಂಬುದು ಬೇರೆ ಮಾತು. ಇಡೀ ಒಂದು ಪೀಳಿಗೆಯ ಹಾರ್ಮೋನಿಯಂ ವಾದಕರಿಗೆ ರೇಡಿಯೊದ ದಾಖಲೆ ಇಲ್ಲದಿರುವುದನ್ನು ಅವರ ಯೋಗ್ಯತೆಯ ಕೊರತೆ ಎಂದು ಓದುವುದು ಶುದ್ಧ ತಪ್ಪು. ಹಾಗೆಂದು ಆ ಅನ್ಯಾಯವನ್ನೇ ಆಕರವೆಂದು ಉಲ್ಲೇಖಿಸಲೂ ಆಗದು.

ಹಾಗಾದರೆ ಮಾಸ್ತರರ ಆಟಗಳನ್ನು ಕಣ್ಣಾರೆ ಕಂಡ ಹಿರಿಯರ ಮಾತನ್ನೇ ದಾಖಲಿಸಬಾರದೇಕೆ ಎಂದು ತರುಣರು ಕೇಳಿದರು. ಈ ಪ್ರಶ್ನೆಯನ್ನು ಇನ್ನೂ ಕೆಲವರು ಎತ್ತಿದ್ದಾರೆ. ಅಚ್ಚಾಗದ ಜ್ಞಾನಕ್ಕೆ ವಿಕಿಪೀಡಿಯದಲ್ಲಿ ಎಡೆಯಿಲ್ಲವೆಂಬ ಕೊರಗಿನಿಂದ 2011ರಲ್ಲಿ ಸಂಶೋಧಕ ಅಚಲ್ ಪ್ರಭಾಲ ಅವರ ತಂಡ ಭಾರತ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ಸಂದರ್ಶನಗಳನ್ನು ಧ್ವನಿಮುದ್ರಿಸಿ, ಅವನ್ನೇ ಆಕರವಾಗಿ ಬಳಸುವ ಪ್ರಯೋಗ ನಡೆಸಿತು. ಆದರೆ ಮೌಖಿಕ ಆಕರ ಇಂದಿಗೂ ಸಾಮಾನ್ಯ ರೂಢಿಯಾಗಿಲ್ಲ. ನನ್ನ ಮನಸ್ಸು ಇಲ್ಲಿ ಎರಡು ಕಡೆ ಎಳೆಯುತ್ತದೆ. ಅಜ್ಜನ ಆಟ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಹಿರಿಯರ ಮಾತಿಗಿಂತ ಒಳ್ಳೆಯ ಸಾಕ್ಷ್ಯವಿಲ್ಲ. ಆದರೆ ಮೊಮ್ಮಗನೇ ಪ್ರಶ್ನೆ ಕೇಳಿ, ಮೊಮ್ಮಗನೇ ಧ್ವನಿಮುದ್ರಿಸಿ, ಮೊಮ್ಮಗನೇ ಲೇಖನ ಬರೆದರೆ ಅದು ಅಭಿನಂದನ ಗ್ರಂಥದ ಇನ್ನೊಂದು ಅಧ್ಯಾಯವಾದೀತು.

ಕನ್ನಡ ವಿಕಿಪೀಡಿಯದಲ್ಲಿ 30,000ಕ್ಕೂ ಹೆಚ್ಚು ಲೇಖನಗಳಿವೆ, ನಿರಂತರವಾಗಿ ತಿದ್ದುವವರು ಮಾತ್ರ ಬೆರಳೆಣಿಕೆಯಷ್ಟು. ಈಗ ಪುಟ ಹಾಕಿದರೆ ಯಾರೂ ಗಮನಿಸದೆ ಉಳಿದೀತು ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು. ಯಾರೂ ನೋಡದಿರುವುದರಿಂದ ಉಳಿಯುವ ಪುಟ ಮಾಸ್ತರರಿಗೆ ಗೌರವವೆಂದು ನನಗನಿಸಲಿಲ್ಲ. ಮೇಲಾಗಿ, ಐದು ವರ್ಷದ ನಂತರ ಯಾರೋ ಅದಕ್ಕೆ ಅಳಿಸುವಿಕೆಯ ಫಲಕ ಅಂಟಿಸಿದಾಗ ಮನೆಯವರಿಗೆ ಆಗುವ ನೋವು ಈಗಿನ ನಿರಾಕರಣೆಗಿಂತ ದೊಡ್ಡದು.

ಆದ್ದರಿಂದ ಸದ್ಯಕ್ಕೆ ಬೇಡ ಎಂದು ಬರೆದೆ. ಕಡತವನ್ನು ಸ್ಕ್ಯಾನ್ ಮಾಡಿ ಜೋಪಾನವಾಗಿಡಿ, ಕಂಪನಿಗಳ ಹಳೆಯ ಹ್ಯಾಂಡ್‌ಬಿಲ್ಲುಗಳಲ್ಲಿ ಅಜ್ಜನ ಹೆಸರಿದೆಯೇ ನೋಡಿ, ವೃತ್ತಿರಂಗಭೂಮಿಯ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ನಡೆದಿರುವ ಸಂಶೋಧನೆಗಳನ್ನು ಹುಡುಕಿ ಎಂದೂ ಸೇರಿಸಿದೆ. ಮೊನ್ನೆ ಅವರ ಉತ್ತರ ಬಂದಿತು. ಪಿಎಚ್.ಡಿ. ಪ್ರಬಂಧವೊಂದರಲ್ಲಿ ಅಜ್ಜನ ಬಗ್ಗೆ ಎರಡು ಪುಟಗಳಿವೆ, ಅಷ್ಟು ಸಾಕೇ ಸರ್ ಎಂದು ಕೇಳಿದ್ದಾರೆ. ಆ ಪುಟಗಳ ಫೋಟೊ ತೆಗೆದು ಕಳುಹಿಸಿ, ಅಡಿಟಿಪ್ಪಣಿಗಳನ್ನೂ ಬಿಡಬೇಡಿ ಎಂದಿದ್ದೇನೆ. ಸಂಶೋಧಕರು ಆ ಎರಡು ಪುಟಗಳನ್ನು ಅಭಿನಂದನ ಗ್ರಂಥದಿಂದಲೇ ಎತ್ತಿಕೊಂಡಿದ್ದಾರೆಯೇ ಎಂಬುದನ್ನು ಮೊದಲು ನೋಡಬೇಕು.