ನೀರಿನ ಲೋಟ, ಬೆರಳಿನ ಗೆರೆ, ಓಎಲ್‌ಇಡಿ

ಶಿರಸಿ ಕಡೆ ಜೂನಲ್ಲಿ ಗಾಳಿಮಳೆ ಶುರುವಾಯ್ತು ಅಂದ್ರೆ ಕರೆಂಟ್ ಹೋಯ್ತು ಅಂತ್ಲೇ ಲೆಕ್ಕ. ಮೊನ್ನೆ ರಾತ್ರಿನೂ ಹಾಗೇ ಆಯ್ತು, ಮೊಬೈಲ್ ಚಾರ್ಜ್ ಹದಿನೈದಕ್ಕೆ ಬಂದಿತ್ತು, ಅಕ್ಕನ ಮಗಳು ಬ್ರೈಟ್‌ನೆಸ್ ಇಳಿಸ್ತಾ ಕೇಳಿದ್ಳು, "ಮಾವ, ಓಎಲ್‌ಇಡಿ ಸ್ಕ್ರೀನ್ ಒಳ್ಳೇದು ಅಂತಾರಲ್ಲ, ಮತ್ತೆ ಇಷ್ಟೆಲ್ಲ ಬ್ಯಾಟರಿ ಯಾಕೆ ತಿಂತದೆ?"

ಗಾಜಿನ ಲೋಟಕ್ಕೆ ನೀರು ತುಂಬಿ ಕೈಗೆ ಕೊಟ್ಟೆ. ಮೇಲಿಂದ ಓರೆಯಾಗಿ ಒಳಗೆ ನೋಡಿದ್ರೆ ಲೋಟದ ಗೋಡೆ ಬೆಳ್ಳಿ ಕನ್ನಡಿ ಥರ ಕಾಣ್ತದೆ, ಹಿಂದೆ ಹಿಡಿದ ಬೆರಳು ಕಾಣೋದೇ ಇಲ್ಲ. ಬೆರಳು ಒದ್ದೆ ಮಾಡಿ ಗಟ್ಟಿಯಾಗಿ ಒತ್ತಿದ್ರೆ ಮಾತ್ರ ಬೆರಳಚ್ಚಿನ ಗೆರೆ ಒಂದೊಂದೇ ಎದ್ದು ಬರ್ತದೆ. ಗೆರೆ ತಾಗಿದ ಕಡೆ ಬೆಳಕು ದಾಟ್ತದೆ, ತಾಗದ ಕಡೆ ವಾಪಸ್ ಹೋಗ್ತದೆ.

ಓಎಲ್‌ಇಡಿ ಅಂದ್ರೆ ಕರೆಂಟ್ ಹರಿಸಿದ್ರೆ ತಾನೇ ಬೆಳಗೋ, ಇಂಗಾಲದ (ಸಾವಯವ) ವಸ್ತುಗಳ ತೆಳು ಪದರ. ಅದರ ಒಳಗೂ ಇದೇ ಕಥೆ. 1987ರಲ್ಲಿ ಕೊಡಕ್‌ನಲ್ಲಿ ಟ್ಯಾಂಗ್ ಮತ್ತು ವ್ಯಾನ್ ಸ್ಲೈಕ್ ಅನ್ನೋ ವಿಜ್ಞಾನಿಗಳು ತೆಳು ಪದರದ ಓಎಲ್‌ಇಡಿ ಮಾಡಿ ತೋರಿಸಿದ್ರು, ಆಮೇಲೆ ಬಂದ ಫಾಸ್ಫರೆಸೆಂಟ್ ಅನ್ನೋ ಬಗೆಯ ಬೆಳಗೋ ವಸ್ತುಗಳಲ್ಲಿ ಒಳಗೆ ಹೋದ ಕರೆಂಟು ಹೆಚ್ಚುಕಮ್ಮಿ ಪೂರ್ತಿ ಬೆಳಕೇ ಆಗ್ತದೆ, ಆದ್ರೆ ಸಪಾಟಾಗಿ ಮಾಡಿದ ಓಎಲ್‌ಇಡಿಯಿಂದ ಹೊರಗೆ ಬರೋದು ಸುಮಾರು 20 ಪರ್ಸೆಂಟ್ ಅಷ್ಟೇ! ನಂಗೆ ಇದು ಮೊದ್ಲು ಓದಿದಾಗ ಹೊಟ್ಟೆ ಉರೀತು. ಸಾವಯವ ಪದರದ ವಕ್ರೀಭವನ ಸೂಚ್ಯಂಕ (ಬೆಳಕನ್ನ ಎಷ್ಟು ಬಗ್ಗಿಸ್ತದೆ ಅನ್ನೋ ಅಳತೆ) 1.7ರ ಆಸುಪಾಸು, ಗಾಜಿಂದು 1.5, ಗಾಳಿದು 1, ಹಾಗಾಗಿ ಸೂಚ್ಯಂಕ ಕಮ್ಮಿ ಇರೋ ಕಡೆ ಹೋಗುವಾಗ ಸ್ವಲ್ಪ ಜಾಸ್ತಿ ಓರೆಯಾಗಿ ಹೊರಟ ಬೆಳಕೆಲ್ಲ ಒಳಗೇ ತಿರುಗ್ತದೆ. ಒಂದಿಷ್ಟು ಗಾಜಲ್ಲಿ, ಒಂದಿಷ್ಟು ಪದರಗಳಲ್ಲಿ ಸಿಕ್ಕಿಹಾಕ್ಕೊಳ್ತದೆ, ಉಳಿದದ್ದನ್ನ ಕ್ಯಾಥೋಡ್, ಅಂದ್ರೆ ಕರೆಂಟ್ ಹರಿಸೋ ಲೋಹದ ಪದರ, ನುಂಗಿ ಬಿಸಿ ಮಾಡ್ಕೊಳ್ತದೆ.

ಗಾಜಿನ ಹೊರಮೈಗೆ ಪುಟ್ಟ ಪುಟ್ಟ ಲೆನ್ಸ್ ಹಚ್ಚಿದ್ರೆ ಗಾಜಲ್ಲಿ ಸಿಕ್ಕಿದ್ದು ಹೊರಗೆ ಬರ್ತದೆ. ಪದರದಲ್ಲಿ ಸಿಕ್ಕಿದ್ದಕ್ಕೆ ಒಳಗೇ ಉಬ್ಬುತಗ್ಗು ಬೇಕು, ಅದೂ ಬೆಳಕಿನ ತರಂಗದಷ್ಟೇ ಸಣ್ಣದು, ಕೆಲವು ನೂರು ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್). ಕಷ್ಟ ಇರೋದು ಇಲ್ಲೇ. ಪದರಗಳೆಲ್ಲ ಸೇರಿದ್ರೂ ನೂರಿನ್ನೂರು ನ್ಯಾನೋಮೀಟರ್ ದಪ್ಪ, ಉಬ್ಬು ಚೂಪಾದ್ರೆ ಅಲ್ಲಿ ಪದರ ತೆಳುವಾಗಿ ಶಾರ್ಟ್ ಆಗ್ತದೆ. ಸಾಲಾಗಿ ನೀಟಾಗಿ ಮಾಡಿದ್ರೆ ಇನ್ನೊಂದು ರಗಳೆ, ನೋಡೋ ಕೋನ ಬದಲಾದ ಹಾಗೆ ಬಣ್ಣ ಬದಲಾಗ್ತದೆ.

ಅದಕ್ಕೇ ನಂಗೆ ಸುಕ್ಕಿನ ದಾರಿ ಭಾರಿ ಇಷ್ಟ. ರಬ್ಬರಿನಂಥ ಪಾಲಿಮರ್ ಬಿಸಿ ಇದ್ದಾಗ ಮೇಲೆ ತೆಳ್ಳಗೆ ಅಲ್ಯೂಮಿನಿಯಂ ಹಾಕಿ ತಣಿಯೋಕೆ ಬಿಟ್ರೆ, ಪಾಲಿಮರ್ ಜಾಸ್ತಿ ಕುಗ್ಗಿ ಮೇಲಿನ ಲೋಹ ಹಾಲಿನ ಕೆನೆ ಥರ ತಾನಾಗೇ ಸುಕ್ಕಾಗ್ತದೆ. ಅದರ ಅಚ್ಚು ತೆಗೆದು ಓಎಲ್‌ಇಡಿ ಕಟ್ಟಬಹುದು ಅಂತ 2010ರಲ್ಲೇ ತೋರಿಸಿದಾರೆ. ಸುಕ್ಕು ಎಲ್ಲಾ ದಿಕ್ಕಿಗೂ ಇರ್ತದೆ, ನಯವಾಗೂ ಇರ್ತದೆ, ಹಾಗಾಗಿ ಯಾವ ಬಣ್ಣಕ್ಕೂ ಮೋಸ ಇಲ್ಲ.

ನಮ್ಮ ತೋಟದ ಮಿಂಚುಹುಳ ತೋರಿಸಿ ಅವಳಿಗೆ ಇನ್ನೊಂದು ಹೇಳಿದೆ, ಮಿಂಚುಹುಳದ ಹೊಟ್ಟೆಯ ಸಿಪ್ಪೆ ಮೇಲಿರೋ ನ್ಯಾನೋ ಗೆರೆಗಳನ್ನ ನೋಡಿ, ಬೆಳಕು ಜಾಸ್ತಿ ಹೊರಗೆ ಬರ್ಲಿ ಅಂತ 2012ರಲ್ಲಿ ಕೊರಿಯಾದವರು ಎಲ್‌ಇಡಿ ಲೆನ್ಸ್ ಮಾಡಿದ್ರು ಅಂತ.

ಇದೆಲ್ಲ ಬರೀ ಬ್ಯಾಟರಿ ವಿಷಯ ಅಲ್ಲ. ಓಎಲ್‌ಇಡಿಯಲ್ಲಿ ಮೊದ್ಲು ಸವೆಯೋದು ನೀಲಿ, ಅಷ್ಟೇ ಬೆಳಕಿಗೆ ಅರ್ಧ ಕರೆಂಟ್ ಸಾಕಾದ್ರೆ ಅದರ ಆಯಸ್ಸು ಸಾಮಾನ್ಯವಾಗಿ ಎರಡು ಪಟ್ಟಿಗಿಂತ ಜಾಸ್ತಿನೇ ಆಗ್ತದೆ.