ನವೆಂಬರ್ 19, ಪೋರ್ಟ್ ಆಫ್ ಸ್ಪೇನ್

20 ನವೆಂಬರ್ 2023, ಸೋಮವಾರ ರಾತ್ರಿ

ನಿನ್ನೆ ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ಭಾರತ ಆಸ್ಟ್ರೇಲಿಯಾಕ್ಕೆ ಸೋತಿತು. ಅಣ್ಣನ ಮಗ ಆದಿ ಇವತ್ತು ಸ್ಕೂಲಿಗೆ ಹೋಗಿಲ್ಲ. ಅಣ್ಣ ಬೈದಿದ್ದಾನೆ, ಅತ್ತಿಗೆ ಮಾತಾಡಿಲ್ಲ. ಸಂಜೆ ಅವನೇ ಫೋನ್ ಮಾಡಿದ. "ಅತ್ತೆ, ಸ್ಟೇಡಿಯಂ ಪೂರ್ತಿ ನೀಲಿ ಇತ್ತು. ಟ್ರಾವಿಸ್ ಹೆಡ್ ಹೊಡೀತಾ ಹೋದ, ಒಬ್ರೂ ಉಸಿರೆತ್ತಲಿಲ್ಲ. ಇನ್ಮೇಲೆ ಇವರು ಹೇಗೆ ಆಡ್ತಾರೆ?"

ಸಮಾಧಾನದ ಮಾತು ಬರಲಿಲ್ಲ. ರಸೆಲ್ ಲಟಾಪಿ ಗೊತ್ತಾ ಅಂತ ಕೇಳಿದೆ. ಗೊತ್ತಿಲ್ಲ ಅಂದ. ಬ್ರಯಾನ್ ಲಾರಾನ ಸ್ನೇಹಿತ, ಟ್ರಿನಿಡಾಡ್‌ನ ಫುಟ್ಬಾಲಿಗ ಅಂದಮೇಲೆ ಕಿವಿಗೊಟ್ಟ.

ಅದೂ ನವೆಂಬರ್ 19, ಅದೂ ಭಾನುವಾರವೇ. 1989. ಅಮೆರಿಕದ ಜೊತೆ ಡ್ರಾ ಆದರೂ ಸಾಕಿತ್ತು, ಟ್ರಿನಿಡಾಡ್ ಅಂಡ್ ಟೊಬೇಗೊ ಮೊದಲ ಸಲ ವಿಶ್ವಕಪ್ ಆಡುತ್ತಿತ್ತು. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಸ್ಟೇಡಿಯಂ ತುಂಬ ಕೆಂಪು ಅಂಗಿಗಳು. ಅಮೆರಿಕದ ಪಾಲ್ ಕ್ಯಾಲಿಜೂರಿ ದೂರದಿಂದ ಎಡಗಾಲಲ್ಲಿ ಒದ್ದ ಚೆಂಡು ಪುಟಿದು ಒಳಗೆ ಹೋಯಿತು. 1-0. ಮುಗೀತು. ಲಟಾಪಿಗೆ ಆಗ 21, ಜೊತೆ ಆಟಗಾರ ಡ್ವೈಟ್ ಯಾರ್ಕ್‌ಗೆ 18. ಸೋತ ಮೇಲೂ ಆ ಜನ ಗಲಾಟೆ ಮಾಡಲಿಲ್ಲ. ಆ ವರ್ಷದ ಫಿಫಾ ಫೇರ್ ಪ್ಲೇ ಪ್ರಶಸ್ತಿ ಬಂದದ್ದು ಟ್ರಿನಿಡಾಡ್‌ನ ಪ್ರೇಕ್ಷಕರಿಗೆ! ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು.

"ಆಮೇಲೆ?"

ಆಮೇಲೆ ಲಟಾಪಿ ಪೋರ್ಚುಗಲ್‌ಗೆ ಹೋದ. ಪೋರ್ಟೊ ಕ್ಲಬ್ಬಿನಲ್ಲಿ ಲೀಗ್ ಗೆದ್ದ. ಸ್ಕಾಟ್ಲೆಂಡಿಗೆ ಹೋಗಿ, ಎರಡನೇ ದರ್ಜೆಗೆ ಇಳಿದಿದ್ದ ಹಿಬರ್ನಿಯನ್ ಕ್ಲಬ್ ಮೇಲೆ ಬರುವಾಗ ಜೊತೆಗಿದ್ದ. ಆಳು ಗಿಡ್ಡ, ಕಾಲಲ್ಲಿ ಮಾಯ. 'ಲಿಟಲ್ ಮೆಜಿಶಿಯನ್' ಅನ್ನುತ್ತಿದ್ದರು. ದೇಶದ ತಂಡಕ್ಕೆ ಆಡುವುದನ್ನು ನಿಲ್ಲಿಸಿಯೂ ಆಗಿತ್ತು. 2005ರಲ್ಲಿ ಕರೆದರು, ವಾಪಸ್ ಬಂದ. ಬಹ್ರೇನ್‌ನಲ್ಲಿ ಡೆನ್ನಿಸ್ ಲಾರೆನ್ಸ್ ತಲೆಯಿಂದ ಹೊಡೆದ ಗೋಲು, ಸುಮಾರು 13 ಲಕ್ಷ ಜನರ ದೇಶ 2006ರ ವಿಶ್ವಕಪ್‌ಗೆ. ಅಲ್ಲೂ ಲಟಾಪಿ ಬೆಂಚಿನಲ್ಲೇ ಕೂತ. ಕೊನೆಯ ಪಂದ್ಯದಲ್ಲಿ, ಪ್ಯಾರಗ್ವೆ ಎದುರು, ದ್ವಿತೀಯಾರ್ಧದಲ್ಲಿ ಕಳಿಸಿದರು. 37 ವರ್ಷ. ಸೋತರು. ಆದರೂ ಅವನು ಬಂದಮೇಲೆ ಚೆಂಡು ಓಡಾಡಿದ ರೀತಿಯೇ ಬೇರೆ. ಅವನನ್ನು ಮೊದಲೇ ಇಳಿಸಬೇಕಿತ್ತು, ಈಗಲೂ ಹಾಗೇ ಅನ್ನುತ್ತೇನೆ.

ಮುಂದೆ ಕೋಚ್ ಆದ. ದೇಶದ ಹಿರಿಯರ ತಂಡ ನೋಡಿಕೊಂಡ, ಕಿರಿಯರ ತಂಡಗಳನ್ನೂ ನೋಡಿಕೊಂಡ. ಆ ಹುಡುಗರಿಗೆ 1989 ಅಂದರೆ ಅಪ್ಪಂದಿರ ಕಾಲ. ಅವರ ಮುಂದೆ ನಿಂತವನಿಗೆ ಆ ಭಾನುವಾರ ಪೂರ್ತಿ ಗೊತ್ತು. ಹದಿನಾರರ ಹುಡುಗನಿಗೆ ಪಾಸ್ ಮಾಡುವುದನ್ನು ಯಾರಾದರೂ ಕಲಿಸಬಹುದು. ಸೋತು ಬಂದ ಮಗುವಿನ ಪಕ್ಕ ಕೂರಲು ಇಂಥವನೇ ಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ನಿನ್ನೆ ಆ ಡ್ರೆಸ್ಸಿಂಗ್ ರೂಮಿನಲ್ಲಿ ನಮ್ಮ ದ್ರಾವಿಡ್ ಇದ್ದರಲ್ಲ. 2007ರ ವಿಶ್ವಕಪ್‌ನಲ್ಲಿ ಅವರ ನಾಯಕತ್ವದ ತಂಡ ಸೋತು ಮನೆಗೆ ಬಂದದ್ದೂ ಪೋರ್ಟ್ ಆಫ್ ಸ್ಪೇನ್‌ನಿಂದಲೇ. ಅವರೂ ಕೋಚ್ ಆಗಿ ಅಂಡರ್-19 ಹುಡುಗರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು. ಮಧ್ಯಾಹ್ನದಿಂದ ಅವರ ಮುಖವೇ ಕಣ್ಣಮುಂದೆ.

ಆದಿಗೆ ನಾಳೆ ಬೆಳಿಗ್ಗೆ ಪ್ರಾಕ್ಟೀಸ್. ಹೋಗ್ತೀಯಾ ಅಂತ ಕೇಳಲಿಲ್ಲ. "ಪ್ಯಾರಗ್ವೆ ಮ್ಯಾಚು ಕಳಿಸು ಅತ್ತೆ" ಅಂದ. ಅದೇ ವಿಶ್ವಕಪ್‌ನ ಸ್ವೀಡನ್ ಎದುರಿನದ್ದೂ ಕಳಿಸಬೇಕು. ಹತ್ತೇ ಜನ ಉಳಿದು 0-0 ಮಾಡಿಕೊಂಡದ್ದು. ಗೋಲಿನಲ್ಲಿ ಶಾಕಾ ಹಿಸ್ಲಪ್. ಅವನು ಆಡಬೇಕಾದವನೇ ಅಲ್ಲ, ಕೆಲ್ವಿನ್ ಜ್ಯಾಕ್‌ಗೆ ವಾರ್ಮಪ್‌ನಲ್ಲಿ ನೋವು ಕಾಣಿಸಿಕೊಂಡು ಕೊನೇ ಗಳಿಗೆಯಲ್ಲಿ...